ಹೆಸರು ಬಂತು, ಚಂಡಮಾರುತ ಬರಲಿಲ್ಲ: 2010ರ ಗ್ಯಾಸ್ಟನ್ ಪ್ರಕರಣ

2010ರ ಸೆಪ್ಟೆಂಬರ್ 1. ಆಫ್ರಿಕಾಕ್ಕೂ ಕೆರಿಬಿಯನ್ ದ್ವೀಪಗಳಿಗೂ ನಡುವೆ, ಅಟ್ಲಾಂಟಿಕ್ ಸಾಗರದ ಮೇಲೆ ಒಂದು ವಾಯುಭಾರ ಕುಸಿತ ಹುಟ್ಟಿತು. ಅವತ್ತೇ ಅದರ ಗಾಳಿ ಗಂಟೆಗೆ ಸುಮಾರು 65 ಕಿಮೀ ಮುಟ್ಟಿತು. ಅವತ್ತೇ ಗ್ಯಾಸ್ಟನ್ ಅಂತ ನಾಮಕರಣವೂ ಆಯಿತು. ಮರುದಿನ ಅದು ಮತ್ತೆ ಬರೀ ವಾಯುಭಾರ ಕುಸಿತವಾಗಿತ್ತು. ಆ ದಿನ ಮುಗಿಯುವಷ್ಟರಲ್ಲಿ ಆ ಪದವಿಯೂ ಉಳಿಯಲಿಲ್ಲ.

ಕತೆ ಇಷ್ಟೇ ಆಗಿದ್ದರೆ ಬರೆಯೋಕೆ ಏನೂ ಇರಲಿಲ್ಲ. ಒಂದೆರಡು ದಿನ ಗುಡುಗಿ ಸುಮ್ಮನಾಗುವ ಮೋಡಗಳ ಗುಂಪು ಸಮುದ್ರದ ಮೇಲೆ ಬೇಕಾದಷ್ಟು ಸಿಗುತ್ತವೆ. ಗ್ಯಾಸ್ಟನ್ ವಿಷಯ ಬೇರೆ. ಪಟ್ಟಿಯಿಂದ ಹೆಸರು ತೆಗೆದ ಮೇಲೂ ಅದರ ಸುಳಿ ನಿಲ್ಲಲಿಲ್ಲ. ಸುತ್ತುತ್ತಲೇ ಪಶ್ಚಿಮಕ್ಕೆ ಸಾಗಿತು. ಅದು ಮತ್ತೆ ಎದ್ದು ಕೂರುವ ಸಾಧ್ಯತೆ ಜಾಸ್ತಿ ಎಂದು ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರವೂ ಹೇಳಿತು. ಹಾಗೆ ಹೇಳಲು ಕಾರಣಗಳೂ ಇದ್ದವು. ಆದರೂ ಅದು ಏಳಲಿಲ್ಲ. ವಾರವಿಡೀ ಎಳೆದಾಡಿ, ಸೆಪ್ಟೆಂಬರ್ 8ರ ಹೊತ್ತಿಗೆ ಪೋರ್ಟೊರಿಕೊ ಆಸುಪಾಸಿನಲ್ಲಿ ಕರಗಿಹೋಯಿತು.

ಇಲ್ಲೊಂದು ಅದೃಷ್ಟ ಕೂಡಿಬಂದಿತ್ತು. ಚಂಡಮಾರುತ ಹೇಗೆ ಹುಟ್ಟುತ್ತದೆ ಎಂದು ನೋಡಲು ವಿಜ್ಞಾನಿಗಳ ತಂಡವೊಂದು ಅದೇ ವಾರ ವಿಮಾನದ ಸಮೇತ ಅಲ್ಲೇ ಬೀಡುಬಿಟ್ಟಿತ್ತು. ಅವರಿಗೆ ಹುಟ್ಟನ್ನು ನೋಡಬೇಕಿತ್ತು. ಆ ವಾರ ಸಿಕ್ಕಿದ್ದು ಹುಟ್ಟದೇ ಹೋದದ್ದು. ನನ್ನ ಲೆಕ್ಕದಲ್ಲಿ ಅವರ ಆ ಋತುವಿನ ದೊಡ್ಡ ಗಳಿಕೆಯೇ ಅದು.

ಕೊರತೆ ಎಲ್ಲಿತ್ತು?

ಮೊದಲು ಒಂದು ಮಾತು. ಅಟ್ಲಾಂಟಿಕ್‌ನಲ್ಲಿ ಹರಿಕೇನ್, ಪಶ್ಚಿಮ ಪೆಸಿಫಿಕ್‌ನಲ್ಲಿ ಟೈಫೂನ್, ಹಿಂದೂ ಮಹಾಸಾಗರದಲ್ಲಿ ಸೈಕ್ಲೋನ್. ಮೂರೂ ಒಂದೇ ಪ್ರಾಣಿ. ಹಾಗಾಗಿ ಇಲ್ಲಿ ಹೇಳುವ ಭೌತಶಾಸ್ತ್ರ ಎಲ್ಲ ಕಡೆಗೂ ಸಲ್ಲುತ್ತದೆ.

ಚಂಡಮಾರುತ ಹುಟ್ಟಲು ಏನೇನು ಬೇಕು ಎಂಬ ಪಟ್ಟಿ ಹಳೆಯದು. 1968ರಲ್ಲಿ ಹವಾಮಾನ ವಿಜ್ಞಾನಿ ವಿಲಿಯಂ ಗ್ರೇ ಅದಕ್ಕೊಂದು ರೂಪ ಕೊಟ್ಟರು. ಸಮುದ್ರದ ನೀರು ಬೆಚ್ಚಗಿರಬೇಕು, ಸಾಮಾನ್ಯವಾಗಿ ಹೇಳುವ ಅಂಕಿ 26.5 ಡಿಗ್ರಿ ಸೆಲ್ಸಿಯಸ್. ಸಮಭಾಜಕ ವೃತ್ತಕ್ಕೆ ತೀರಾ ಹತ್ತಿರ ಇರಬಾರದು, ಯಾಕೆಂದರೆ ಅಲ್ಲಿ ಗಾಳಿಯನ್ನು ಸುತ್ತಿಸುವ ಭೂಮಿಯ ತಿರುಗುವಿಕೆಯ ಪ್ರಭಾವ ಸಾಲದು. ಕೆಳಗೆ ಮೊದಲೇ ಒಂದಿಷ್ಟು ಸುಳಿ ಇರಬೇಕು. ವಾತಾವರಣದ ನಡುಮಟ್ಟದಲ್ಲಿ ತೇವ ಇರಬೇಕು. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ವೇಗದಲ್ಲಿ, ದಿಕ್ಕಿನಲ್ಲಿ ತುಂಬ ವ್ಯತ್ಯಾಸ ಇರಬಾರದು. ಈ ವ್ಯತ್ಯಾಸಕ್ಕೆ ವಿಂಡ್ ಶಿಯರ್ ಎನ್ನುತ್ತಾರೆ.

ಗ್ಯಾಸ್ಟನ್ ಕೈಯಲ್ಲಿ ಇದರಲ್ಲಿ ಏನೇನಿತ್ತು ನೋಡಿ. ಆ ವರ್ಷ ಉಷ್ಣವಲಯದ ಅಟ್ಲಾಂಟಿಕ್ ಮಾಮೂಲಿಗಿಂತ ಬಹಳ ಬಿಸಿಯಾಗಿತ್ತು. ಗ್ಯಾಸ್ಟನ್ ಸಾಗಿದ ದಾರಿಯುದ್ದಕ್ಕೂ ನೀರು 26.5 ಡಿಗ್ರಿಯನ್ನು ಆರಾಮಾಗಿ ದಾಟಿತ್ತು. ಸಮಭಾಜಕದಿಂದ ಅದು ಸಾಕಷ್ಟು ಉತ್ತರಕ್ಕೇ ಇತ್ತು. ಸುಳಿಯಂತೂ ಇದ್ದೇ ಇತ್ತು, ಹೆಸರು ಪಡೆಯುವಷ್ಟು ಗಟ್ಟಿಯಾಗಿಯೇ ಇತ್ತು. ಪೆಸಿಫಿಕ್‌ನಲ್ಲಿ ಲಾ ನಿನಾ, ಅಂದರೆ ಸಮಭಾಜಕದ ಬಳಿ ಸಮುದ್ರ ಮಾಮೂಲಿಗಿಂತ ತಣ್ಣಗಾಗುವ ಘಟ್ಟ, ನಡೆಯುತ್ತಿತ್ತು. ಅದು ಬಂದ ವರ್ಷ ಅಟ್ಲಾಂಟಿಕ್‌ನ ಮೇಲೆ ಶಿಯರ್ ಸಾಮಾನ್ಯವಾಗಿ ಕಡಿಮೆ. ಋತು ಮುಗಿಯುವಷ್ಟರಲ್ಲಿ 19 ಹೆಸರುಗಳು ಖರ್ಚಾದವು. ಅದರಲ್ಲಿ 12 ಹರಿಕೇನ್ ಆದವು.

ಅಷ್ಟೇ ಅಲ್ಲ. ಗ್ಯಾಸ್ಟನ್‌ಗಿಂತ ಸ್ವಲ್ಪ ಮುಂಚೆ ಡೇನಿಯಲ್ ಮತ್ತು ಅರ್ಲ್ ಎಂಬ ಎರಡು ಹರಿಕೇನ್‌ಗಳು ಐದು ದರ್ಜೆಗಳ ಮಾಪಕದಲ್ಲಿ 4ನೇ ದರ್ಜೆಗೆ ಏರಿದ್ದವು. ಗ್ಯಾಸ್ಟನ್ ಕರಗಿದ ದಿನವೇ, ಸೆಪ್ಟೆಂಬರ್ 8ರಂದು, ಅದರ ಹಿಂದೆ ಇಗೋರ್ ಹುಟ್ಟಿತು. ಅದೂ 4ನೇ ದರ್ಜೆಗೆ ಹೋಯಿತು. ಅದೇ ಸಾಗರ, ಅದೇ ತಿಂಗಳು. ಮುಂದೆ ಹೋದವರೂ ಪಾಸ್, ಹಿಂದೆ ಬಂದವರೂ ಪಾಸ್. ನಡುವಿನವನು ಮಾತ್ರ ಫೇಲ್. ಹಾಗಾದರೆ ಬಿಸಿ ನೀರನ್ನು ದೂರಿ ಪ್ರಯೋಜನ ಇಲ್ಲ, ಅಲ್ವಾ?

ಇನ್ನೊಂದು ಅಂಕಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ವರ್ಷಕ್ಕೆ ಸುಮಾರು 60 ಉಷ್ಣವಲಯದ ಅಲೆಗಳು ಅಟ್ಲಾಂಟಿಕ್‌ಗೆ ಇಳಿಯುತ್ತವೆ. ಅಲೆ ಎಂದರೆ ನೀರಿನ ಅಲೆ ಅಲ್ಲ, ಪೂರ್ವದಿಂದ ಬೀಸುವ ಗಾಳಿಯಲ್ಲಿ ಆಗುವ ಬಳುಕು. ಗ್ಯಾಸ್ಟನ್ ಕೂಡ ಹಾಗೆಯೇ ಆಗಸ್ಟ್ ಕೊನೆಯಲ್ಲಿ ಹೊರಟ ಒಂದು ಬಳುಕು. ಇವುಗಳಲ್ಲಿ ಚಂಡಮಾರುತ ಆಗುವುದು ಸ್ವಲ್ಪ ಭಾಗ ಮಾತ್ರ. ಅಂದರೆ ಸೋಲುವುದೇ ರೂಢಿ, ಗೆಲ್ಲುವುದು ಅಪರೂಪ. ಇದು ಯಾಕೆ ಸೋತಿತು ಎಂದು ಕೇಳುವಾಗ, ಉಳಿದವು ಹೇಗೆ ಗೆದ್ದವು ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ ಎಂಬುದನ್ನು ಮರೆಯಬಾರದು.

ಕಾಂಗರೂ ಚೀಲ

ಆ ತಂಡ ಅಲ್ಲಿಗೆ ಬಂದದ್ದೇ ಒಂದು ಊಹೆಯನ್ನು ಪರೀಕ್ಷಿಸಲು. ತಿಮೊಥಿ ಡಂಕರ್ಟನ್, ಮೈಕೆಲ್ ಮಾಂಟ್ಗೊಮರಿ ಮತ್ತು ಝುವೊ ವಾಂಗ್ 2009ರಲ್ಲಿ ಒಂದು ಸಿದ್ಧಾಂತ ಮುಂದಿಟ್ಟಿದ್ದರು. ಅದಕ್ಕೆ ಅವರು ಕೊಟ್ಟ ಹೋಲಿಕೆ ಕಾಂಗರೂವಿನ ಹೊಟ್ಟೆಯ ಚೀಲ. ಕೇಳಲು ತಮಾಷೆ, ಆದರೆ ಹೋಲಿಕೆ ಚೆನ್ನಾಗಿ ಕೂರುತ್ತದೆ.

ಹೀಗೆ ಯೋಚಿಸಿ. ಗಾಳಿಯ ಬಳುಕು ಪಶ್ಚಿಮಕ್ಕೆ ಸಾಗುತ್ತಿದೆ. ನೀವು ನೆಲದ ಮೇಲೆ ನಿಂತು ನೋಡಿದರೆ ಗಾಳಿ ಸುಮ್ನೆ ಉತ್ತರಕ್ಕೂ ದಕ್ಷಿಣಕ್ಕೂ ಬಳುಕುತ್ತಾ ಹೋಗುವಂತೆ ಕಾಣುತ್ತದೆ. ಅದೇ ನೀವು ಆ ಬಳುಕಿನ ಜೊತೆಗೇ, ಅದರ ವೇಗದಲ್ಲೇ ಸಾಗುತ್ತಾ ನೋಡಿದರೆ? ಆಗ ಒಂದು ಜಾಗದಲ್ಲಿ ಗಾಳಿ ಹೊರಗೆ ಹೋಗದೆ ತನ್ನೊಳಗೇ ಸುತ್ತುತ್ತಿರುವುದು ಕಾಣುತ್ತದೆ. ಅದೇ ಚೀಲ. ಒಳಗಿನ ಗಾಳಿ ಒಳಗೇ ಇರುತ್ತದೆ. ಹೊರಗಿನ ಒಣಗಾಳಿ ಒಳಗೆ ಬರುವುದಿಲ್ಲ. ಒಳಗೆ ಗುಡುಗುಮೋಡ ಎದ್ದಾಗಲೆಲ್ಲ ಅದು ಮೇಲಕ್ಕೆ ಒಯ್ದ ಆವಿ ಅಲ್ಲೇ ಉಳಿಯುತ್ತದೆ. ಇವತ್ತಿನ ಮೋಡ ನಾಳಿನ ಮೋಡಕ್ಕೆ ಜಾಗ ಹದ ಮಾಡಿಕೊಡುತ್ತದೆ. ಸುಳಿಯೂ ಚೂರುಚೂರಾಗಿ ಒಂದೇ ಕಡೆ ಸೇರುತ್ತಾ ಹೋಗುತ್ತದೆ. ಮರಿ ತನ್ನ ಕಾಲ ಮೇಲೆ ನಿಲ್ಲುವವರೆಗೆ ತಾಯಿ ಅಲೆ ಅದನ್ನು ಹೊತ್ತುಕೊಂಡು ಹೋಗುತ್ತದೆ.

ಈ ಊಹೆಯನ್ನು ನೋಡಲು 2010ರ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರೆಡಿಕ್ಟ್ ಎಂಬ ಅಭಿಯಾನ ನಡೆಯಿತು. ನೆಲೆ ಕೆರಿಬಿಯನ್‌ನ ಸೇಂಟ್ ಕ್ರಾಯ್ ದ್ವೀಪ. ಬಳಸಿದ್ದು ಗಲ್ಫ್‌ಸ್ಟ್ರೀಮ್-5 ಜೆಟ್, ಸಂಶೋಧನೆಗೆಂದು ಸಜ್ಜು ಮಾಡಿದ್ದು. ಅದೇ ಹೊತ್ತಿಗೆ ನಾಸಾ ಮತ್ತು ಅಮೆರಿಕದ ಸಾಗರ-ಹವಾಮಾನ ಸಂಸ್ಥೆ ನೋವಾ ಕೂಡ ತಮ್ಮ ತಮ್ಮ ವಿಮಾನಗಳನ್ನು ಹಾರಿಸುತ್ತಿದ್ದವು. ಚೀಲಗಳಿಗೆ ನಂಬರ್ ಹಾಕಿ ಹಿಂಬಾಲಿಸುವುದು ಇವರ ಪದ್ಧತಿ. ಗ್ಯಾಸ್ಟನ್‌ನ ಚೀಲಕ್ಕೆ 38ನೇ ನಂಬರ್.

ಜೆಟ್ ತುಂಬ ಎತ್ತರದಲ್ಲಿ, 12 ಕಿಮೀ ಮೀರಿ ಹಾರುತ್ತಾ ಕೆಳಗೆ ಡ್ರಾಪ್‌ಸಾಂಡ್‌ಗಳನ್ನು ಬಿಡುತ್ತದೆ. ಡ್ರಾಪ್‌ಸಾಂಡ್ ಎಂದರೆ ಪುಟ್ಟ ಪ್ಯಾರಾಚೂಟ್ ಕಟ್ಟಿದ ಒಂದು ಕೊಳವೆ. ಸಮುದ್ರ ಮುಟ್ಟುವವರೆಗೆ, ಸುಮಾರು ಕಾಲು ಗಂಟೆ, ದಾರಿಯುದ್ದಕ್ಕೂ ಒತ್ತಡ, ಬಿಸಿ, ತೇವ, ಗಾಳಿ ಎಲ್ಲ ಅಳೆದು ರೇಡಿಯೊ ಮೂಲಕ ಕಳಿಸುತ್ತದೆ. ವಾತಾವರಣವನ್ನು ಮೇಲಿಂದ ಕೆಳಗೆ ಸೀಳಿ ನೋಡಿದ ಹಾಗೆ. ಸೆಪ್ಟೆಂಬರ್ 2ರಿಂದ 7ರ ನಡುವೆ ಈ ಜೆಟ್ ಗ್ಯಾಸ್ಟನ್‌ನ ಅವಶೇಷದ ಮೇಲೆ ಐದು ಸಲ ಹಾರಿತು. ಸೋಲುತ್ತಿರುವ ಒಂದು ವ್ಯವಸ್ಥೆಯನ್ನು ಅಷ್ಟು ದಿನ, ಅಷ್ಟು ಹತ್ತಿರದಿಂದ ನೋಡುವ ಅವಕಾಶ ಸಿಗುವುದು ತೀರಾ ಅಪರೂಪ. ಸಾಮಾನ್ಯವಾಗಿ ಸೋತ ವ್ಯವಸ್ಥೆಯ ಮೇಲೆ ವಿಮಾನದ ಇಂಧನ ಖರ್ಚು ಮಾಡಲು ಯಾರಿಗೂ ಮನಸ್ಸಿರುವುದಿಲ್ಲ.

ಮೂರು ಕಿಲೋಮೀಟರ್ ಮೇಲೆ

ಇನ್ನು ಅಳತೆಗಳ ವಿಷಯ. ಅದೇ ಋತುವಿನಲ್ಲಿ ಅದೇ ತಂಡ ಇನ್ನೆರಡು ಎಳೆಯ ವ್ಯವಸ್ಥೆಗಳ ಮೇಲೂ ಹಾರಿತು. ಅವು ಮುಂದೆ ಕಾರ್ಲ್ ಮತ್ತು ಮ್ಯಾಥ್ಯೂ ಎಂಬ ಹೆಸರು ಪಡೆದವು. ಹಾಗಾಗಿ ಹೋಲಿಸಲು ಸಾಮಗ್ರಿ ಇತ್ತು: ಒಂದು ಸೋತದ್ದು, ಎರಡು ಗೆದ್ದದ್ದು.

ರೋಜರ್ ಸ್ಮಿತ್ ಮತ್ತು ಮಾಂಟ್ಗೊಮರಿ ಈ ಮೂರರ ಡ್ರಾಪ್‌ಸಾಂಡ್ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅವರು ಬಳಸಿದ ಅಳತೆಯನ್ನು ಸರಳವಾಗಿ ಹೀಗೆ ಹೇಳಬಹುದು: ಗಾಳಿಯಲ್ಲಿ ನೇರವಾಗಿ ಇರುವ ಬಿಸಿ, ಜೊತೆಗೆ ಅದರೊಳಗಿನ ಆವಿ ನೀರಾದರೆ ಹೊರಬರುವ ಬಿಸಿ, ಎರಡನ್ನೂ ಸೇರಿಸಿ ಒಂದೇ ಅಂಕಿ. ತೇವ ಜಾಸ್ತಿ ಇದ್ದರೆ ಈ ಅಂಕಿ ದೊಡ್ಡದು. ಒಣಗಾಳಿಯಾದರೆ ಚಿಕ್ಕದು. ಉಷ್ಣವಲಯದಲ್ಲಿ ಸಮುದ್ರದ ಮಟ್ಟದಿಂದ ಮೇಲೆ ಹೋದಂತೆ ಇದು ಮೊದಲು ಇಳಿಯುತ್ತದೆ, ನಡುವೆಲ್ಲೋ ತಳ ಮುಟ್ಟಿ ಮತ್ತೆ ಏರುತ್ತದೆ.

ಗೆದ್ದ ಎರಡರಲ್ಲೂ ಸಮುದ್ರಮಟ್ಟದಿಂದ 3 ಕಿಮೀ ಎತ್ತರಕ್ಕೆ ಹೋಗುವಷ್ಟರಲ್ಲಿ ಈ ಅಂಕಿ ಸುಮಾರು 17 ಡಿಗ್ರಿ ಇಳಿದಿತ್ತು. ಗ್ಯಾಸ್ಟನ್‌ನಲ್ಲಿ ಸುಮಾರು 25 ಡಿಗ್ರಿ. ಮೂರರ ನಡುವೆ ಅವರಿಗೆ ಎದ್ದು ಕಂಡ ವ್ಯತ್ಯಾಸ ಇದೇ. ಸಮುದ್ರಕ್ಕೆ ಅಂಟಿದ ಪದರದಲ್ಲಿ ಅಲ್ಲ, ಮೋಡಗಳು ಎದ್ದು ಬೆಳೆಯುವ ದಾರಿಯ ನಡುವೆ.

ಸೆಪ್ಟೆಂಬರ್ 2ರ ಹೊತ್ತಿಗೇ 600 ಮಿಲಿಬಾರ್ ಮಟ್ಟದಲ್ಲಿ ಮತ್ತು ಅದರ ಮೇಲೆ ಒಂದು ಒಣ ಪದರ ನುಸುಳಿತ್ತು ಎಂದು ಮುಂದೆ ಇನ್ನೊಂದು ಅಧ್ಯಯನ ತೋರಿಸಿತು. 600 ಮಿಲಿಬಾರ್ ಎಂದರೆ ಸುಮಾರು ನಾಲ್ಕೂವರೆ ಕಿಮೀ ಎತ್ತರ. ಗಾಳಿಯ ಒಂದೊಂದು ತುಣುಕು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕಂಪ್ಯೂಟರ್‌ನಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿದರು. ಚೀಲಕ್ಕೆ ತೂತು ಬಿದ್ದಿತ್ತು. ಒಂದು ದಿನ ಅಲ್ಲ, ವಿಮಾನ ಹಾರಿದ ಎಲ್ಲ ದಿನಗಳಲ್ಲೂ ಹೊರಗಿನ ಒಣಗಾಳಿಗೆ ಒಳಗೆ ಬರಲು ದಾರಿ ಇತ್ತು.

ಹಾಗಂತ ಗ್ಯಾಸ್ಟನ್ ಪೂರ್ತಿ ಒಣಗಿತ್ತು ಎಂದಲ್ಲ. ಮೊದಲ ದಿನಗಳಲ್ಲಿ ಅದರ ನಡುಭಾಗ ಚೆನ್ನಾಗಿಯೇ ತೇವವಾಗಿತ್ತು. ಸುತ್ತ ಮಾತ್ರ ಬಹುದೂರದವರೆಗೆ ಒಣಗಾಳಿ. ಮರುಭೂಮಿಯ ನಡುವೆ ಒಂದು ಕೊಳ ಇದ್ದ ಹಾಗೆ. ಕೊಳ ಉಳಿಯಬೇಕಾದರೆ ದಂಡೆ ಗಟ್ಟಿ ಇರಬೇಕು. ಪ್ರಶ್ನೆ ಇರುವುದು ದಂಡೆ ಯಾಕೆ ಒಡೆಯಿತು ಎಂಬಲ್ಲಿ.

ವಾಲಿದ ಬುಗುರಿ

ದಂಡೆ ಒಡೆದದ್ದು ವಾಲಿದ್ದರಿಂದ. ಇದು ನನಗೆ ಈ ಪ್ರಕರಣದಲ್ಲಿ ತುಂಬ ಇಷ್ಟವಾದ ಭಾಗ.

ಕ್ರಿಸ್ಟೋಫರ್ ಡೇವಿಸ್ ಮತ್ತು ಅವರ ಸಹೋದ್ಯೋಗಿ ಇದೇ ಮೂರು ವ್ಯವಸ್ಥೆಗಳನ್ನು ಬೇರೆ ಕೋನದಿಂದ ನೋಡಿದರು. ತೇವದ ಬದಲು ಅವರು ಹುಡುಕಿದ್ದು ಸುಳಿಯ ನಡುಬಿಂದುವನ್ನು. ಕೆಳಗಿನ ಸುಳಿಯ ನಡುಬಿಂದು ಎಲ್ಲಿದೆ? ನಡುಮಟ್ಟದ ಸುಳಿಯ ನಡುಬಿಂದು ಎಲ್ಲಿದೆ? ಎರಡೂ ಒಂದರ ಮೇಲೊಂದು ನೆಟ್ಟಗೆ ನಿಂತಿವೆಯಾ?

ಗ್ಯಾಸ್ಟನ್‌ನಲ್ಲಿ ನಿಂತಿರಲಿಲ್ಲ. ವಿಂಡ್ ಶಿಯರ್ ಮೇಲಿನ ಭಾಗವನ್ನು ಒಂದು ಕಡೆಗೆ, ಕೆಳಗಿನ ಭಾಗವನ್ನು ಇನ್ನೊಂದು ಕಡೆಗೆ ತಳ್ಳಿತ್ತು. ಬುಗುರಿ ವಾಲಿತು. ವಾಲಿದಾಗ ಆಗುವುದೇನು? ಕೆಳಗಿನ ಸುಳಿಯ ತಲೆಯ ಮೇಲಿದ್ದ ತೇವದ ಛತ್ರಿ ಪಕ್ಕಕ್ಕೆ ಸರಿಯುತ್ತದೆ. ಆ ಖಾಲಿ ಜಾಗಕ್ಕೆ ಸುತ್ತಲ ಒಣಗಾಳಿ ನುಗ್ಗುತ್ತದೆ. ಈಗ ಕೆಳಗೆ ಬೆಚ್ಚನೆಯ ನೀರಿದೆ, ತೇವದ ಗಾಳಿ ಇದೆ, ಸುಳಿಯೂ ಇದೆ. ಆದರೆ ಮೇಲಕ್ಕೆ ಏಳುವ ಮೋಡಕ್ಕೆ ನಾಲ್ಕೈದು ಕಿಮೀ ಎತ್ತರದಲ್ಲಿ ಒಣ ಚಾವಣಿ ಅಡ್ಡ. ದೊಡ್ಡ ಗುಡುಗುಮೋಡ ಏಳಬಲ್ಲ ಜಾಗ ಚಿಕ್ಕದಾಗುತ್ತಾ ಬಂತು. ಇಂಥ ಸ್ಥಿತಿಯಲ್ಲಿ, ಶಿಯರ್ ನಡುವೆ, ಕುಸಿದ ಸುಳಿಯನ್ನು ಮತ್ತೆ ಕಟ್ಟುವುದು ಆಗದ ಮಾತು.

ಗಮನಿಸಿ, ಇಲ್ಲಿ ಶಿಯರ್ ಭೀಕರವಾಗಿ ಇರಬೇಕೆಂದೇನೂ ಇಲ್ಲ. ಸುತ್ತಲೂ ತೇವ ಇದ್ದಿದ್ದರೆ ಸ್ವಲ್ಪ ವಾಲಿದರೂ ಸಹಿಸಿಕೊಳ್ಳಬಹುದಿತ್ತು, ನುಗ್ಗುವ ಗಾಳಿಯೂ ತೇವದ್ದೇ ಆಗಿರುತ್ತಿತ್ತು. ಶಿಯರ್ ಇಲ್ಲದಿದ್ದರೆ ಸುತ್ತ ಒಣಗಿದ್ದರೂ ಚೀಲ ಕಾಪಾಡಬಹುದಿತ್ತು. ಶಿಯರ್ ಬಾಗಿಲು ತೆರೆಯಿತು, ಒಣಗಾಳಿ ಆ ಬಾಗಿಲಲ್ಲಿ ಒಳಗೆ ಬಂತು. ಪಟ್ಟಿ ಹಿಡಿದು ಒಂದೊಂದಕ್ಕೂ ಸರಿ ತಪ್ಪು ಹಾಕುತ್ತಾ ಹೋದರೆ ಈ ಜೋಡಿ ಕೈಗೆ ಸಿಗುವುದಿಲ್ಲ.

ಶಿಯರ್ ಒಂದೇ ಸಾಕಾದ ಉದಾಹರಣೆಯೂ ಅದೇ ವಾರ ಇತ್ತು. ಗ್ಯಾಸ್ಟನ್‌ಗಿಂತ ಮುಂಚೆ ಹುಟ್ಟಿದ ಫಿಯೋನಾ, ದೈತ್ಯ ಅರ್ಲ್‌ನ ಬೆನ್ನ ಹಿಂದೆಯೇ ಸಾಗಿತು. ಅರ್ಲ್‌ನ ತಲೆಯಿಂದ ಹೊರಗೆ ಹರಡುತ್ತಿದ್ದ ಎತ್ತರದ ಗಾಳಿ ಫಿಯೋನಾದ ಮೇಲೆ ಬೀಸಿ ಅದನ್ನು ಹರಿದುಹಾಕಿತು. ದೊಡ್ಡಣ್ಣನ ಹಿಂದೆ ಹೋಗಿ ಕೆಟ್ಟದ್ದು ಅದು. ಗ್ಯಾಸ್ಟನ್‌ನ ಸಾವು ಅಷ್ಟು ಸರಳ ಅಲ್ಲ.

ಒಣಗಾಳಿ ಮಾಡುವುದಾದರೂ ಏನು?

ಒಣಗಾಳಿ ಕೆಟ್ಟದ್ದು ಎಂಬಲ್ಲಿ ಯಾರಿಗೂ ತಕರಾರಿಲ್ಲ. ಹೇಗೆ ಕೆಟ್ಟದ್ದು ಎಂಬಲ್ಲಿ ಇದೆ.

ಬಹಳ ಕಾಲದಿಂದ ಹೇಳುತ್ತಾ ಬಂದ ಉತ್ತರ ಇದು. ಮೋಡದಿಂದ ಬೀಳುವ ಮಳೆಹನಿ ನಡುವಿನ ಒಣ ಪದರದಲ್ಲಿ ಆರುತ್ತದೆ. ಹನಿ ಆರಿದಾಗ ಸುತ್ತಲ ಗಾಳಿ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಹಾಗಾಗಿ ರಭಸದಿಂದ ಕೆಳಗೆ ಬೀಳುತ್ತದೆ. ಸಮುದ್ರದ ಮೇಲೆ ಹರಡಿ ಅಲ್ಲಿದ್ದ ಬೆಚ್ಚನೆಯ ತೇವದ ಗಾಳಿಯನ್ನು ಮುಚ್ಚಿಹಾಕುತ್ತದೆ. ಉರಿಯುವ ಒಲೆಯ ಮೇಲೆ ನೀರು ಸುರಿದ ಹಾಗೆ. ಸಮುದ್ರ ಮತ್ತೆ ಅದನ್ನು ಬೆಚ್ಚಗೆ ಮಾಡುವವರೆಗೆ ಹೊಸ ಮೋಡ ಏಳುವುದಿಲ್ಲ.

ಸ್ಮಿತ್ ಮತ್ತು ಮಾಂಟ್ಗೊಮರಿ ಇದಕ್ಕೆ ಬದಲಿಯಾಗಿ ಇನ್ನೊಂದು ಊಹೆ ಮುಂದಿಟ್ಟರು. ಕೆಳಗೆ ಬೀಳುವ ಗಾಳಿಗಿಂತ ಮೇಲೇಳುವ ಗಾಳಿಯನ್ನು ನೋಡಿ ಎಂದರು. ಏರುತ್ತಿರುವ ಮೋಡ ತನ್ನ ಅಂಚಿನಲ್ಲಿ ಸುತ್ತಲ ಗಾಳಿಯನ್ನು ಕಲಸಿಕೊಳ್ಳುತ್ತಾ ಹೋಗುತ್ತದೆ. ಆ ಗಾಳಿ ಒಣಗಿದ್ದರೆ ಮೋಡದ ಹನಿಗಳು ಅಲ್ಲೇ ಆರುತ್ತವೆ, ಮೋಡ ತಣ್ಣಗಾಗುತ್ತದೆ, ಏರುವ ಬಲ ಕುಗ್ಗುತ್ತದೆ. ಕೆಳಗಿನಿಂದ ಮೇಲಕ್ಕೆ ಸಾಗುವ ಗಾಳಿಯ ಒಟ್ಟು ಪ್ರಮಾಣವೇ ಕಡಿಮೆಯಾಗುತ್ತದೆ.

ಅದರಿಂದ ಸುಳಿಗೆ ಏನು ನಷ್ಟ? ತಿರುಗುವ ಕುರ್ಚಿಯ ಮೇಲೆ ಕೂತು ಕೈಗಳನ್ನು ಚಾಚಿ, ಆಮೇಲೆ ಎದೆಗೆ ಎಳೆದುಕೊಂಡು ನೋಡಿ. ಎಳೆದುಕೊಂಡಾಗ ಕುರ್ಚಿ ಜೋರಾಗಿ ಸುತ್ತುತ್ತದೆ. ಗುಡುಗುಮೋಡ ಮಾಡುವ ಕೆಲಸ ಅದೇ. ಅದು ಗಾಳಿಯನ್ನು ಮೇಲಕ್ಕೆ ಹೀರಿದಾಗ ಆ ಜಾಗ ತುಂಬಲು ಸುತ್ತಲಿಂದ ಗಾಳಿ ಒಳಗೆ ಬರುತ್ತದೆ. ಒಳಗೆ ಬರುತ್ತಾ ಅದರ ಸುತ್ತು ಜೋರಾಗುತ್ತದೆ. ಮೇಲಕ್ಕೆ ಹೀರುವುದೇ ಕಡಿಮೆಯಾದರೆ ಒಳಗೆ ಬರುವುದೂ ಕಡಿಮೆ. ನೀರಿನ ಮೇಲಿನ ತಿಕ್ಕಾಟ ಸುಳಿಯನ್ನು ಪ್ರತಿದಿನ ಸವೆಸುತ್ತಲೇ ಇರುತ್ತದೆ, ಗಳಿಕೆ ಮಾತ್ರ ಇಲ್ಲ.

ಎರಡರಲ್ಲಿ ಯಾವುದು ಸರಿ? ಗ್ಯಾಸ್ಟನ್ ಮಟ್ಟಿಗೆ ಸಾಕ್ಷ್ಯ ಎರಡನೆಯದರ ಕಡೆಗೆ ವಾಲುತ್ತದೆ ಎಂದು ನನಗನಿಸುತ್ತದೆ. ಸೆಪ್ಟೆಂಬರ್ 2ರಂದು ಒಣ ಪದರ ಬಂದಲ್ಲಿ ಮೊದಲು ಕಂಡದ್ದು ಮೇಲೇಳುವ ಗಾಳಿ ಕುಗ್ಗಿದ್ದು, ಜೊತೆಗೆ ನಡುಮಟ್ಟದ ಸುಳಿ ಸಡಿಲವಾದದ್ದು. ಇಲ್ಲಿಂದ ಒಂದು ಕೆಟ್ಟ ಚಕ್ರ ಶುರುವಾಗುತ್ತದೆ. ಒಣಗಾಳಿಯಿಂದ ಮೋಡ ಸೊರಗುತ್ತದೆ. ಮೋಡ ಸೊರಗಿದರೆ ನಡುಮಟ್ಟದ ಸುಳಿ ಸೊರಗುತ್ತದೆ. ಸುಳಿ ಸೊರಗಿದರೆ ಚೀಲದ ಗೋಡೆ ತೆಳುವಾಗುತ್ತದೆ, ಯಾಕೆಂದರೆ ಆ ಗೋಡೆ ಸುಳಿಯಿಂದಲೇ ಆದದ್ದು. ಗೋಡೆ ತೆಳುವಾದರೆ ಇನ್ನಷ್ಟು ಒಣಗಾಳಿ. ತೂತು ಕೊಡಕ್ಕೆ ಎಷ್ಟು ನೀರು ಹಾಕಿದರೇನು? ಕೆಳಗೆ ಸಮುದ್ರ ಆವಿ ಸುರಿಯುತ್ತಲೇ ಇತ್ತು, ಮೇಲೆ ಸೋರುತ್ತಲೇ ಇತ್ತು.

ಆದರೂ ಒಂದು ಎಚ್ಚರಿಕೆ ಬೇಕು. ಮೂರು ವ್ಯವಸ್ಥೆಗಳನ್ನು ಹೋಲಿಸಿದ್ದು, ಮೂವತ್ತನ್ನಲ್ಲ. ಬೇರೆ ಸಾಗರದಲ್ಲಿ, ಬೇರೆ ಒಣಗಾಳಿಯಲ್ಲಿ, ತಣ್ಣನೆಯ ಗಾಳಿ ಬೀಳುವುದೇ ಮುಖ್ಯ ಕಾರಣ ಆಗಿರಲೂಬಹುದು. ಎರಡೂ ಒಟ್ಟಿಗೇ ನಡೆಯಬಾರದೆಂಬ ನಿಯಮವೇನೂ ಇಲ್ಲ.

ಉಪಗ್ರಹಕ್ಕೆ ಕಾಣದ ಪದರ

ಮತ್ತೆ ಏಳಬಹುದು ಎಂಬ ಅಂದಾಜು ಯಾಕೆ ಬಂತು? ಗೇಲಿ ಮಾಡುವ ಮುಂಚೆ, ಮುನ್ಸೂಚನೆ ಕೊಡುವವರ ಮುಂದೆ ಏನಿತ್ತು ಎಂದು ನೋಡಬೇಕು. ಕೆಳಮಟ್ಟದ ಸುಳಿ ಇನ್ನೂ ಉಳಿದಿತ್ತು. ಕೆಳಗೆ ಬಿಸಿ ನೀರು. ಮುಂದೆ ಕೆರಿಬಿಯನ್ ಸಮುದ್ರ, ಅಲ್ಲಿ ಬಿಸಿ ನೀರು ಇನ್ನೂ ಆಳದವರೆಗೆ ಇರುತ್ತದೆ. ಆಗಾಗ ಗುಡುಗುಮೋಡಗಳೂ ಎದ್ದು ಆಸೆ ಹುಟ್ಟಿಸುತ್ತಿದ್ದವು. ಒಮ್ಮೆ ಹೆಸರು ಪಡೆದಿದ್ದ ಸುಳಿ ಅದು. ಹೊಸದಾಗಿ ಹುಟ್ಟುವುದಕ್ಕಿಂತ ಹಳೆಯದು ಮತ್ತೆ ಏಳುವುದು ಸುಲಭ ಎಂದು ಯಾರಿಗಾದರೂ ಅನಿಸುತ್ತದೆ.

ಇದರ ಜೊತೆಗೆ ಅಳತೆಯದ್ದೇ ಒಂದು ತೊಡಕು ಇದೆ. ಉಪಗ್ರಹದ ಮಾಮೂಲಿ ಚಿತ್ರದಲ್ಲಿ ಕಾಣುವುದು ಮೋಡದ ನೆತ್ತಿ. ತೇವ ಅಳೆಯುವ ಇನ್ನೊಂದು ಬಗೆಯಲ್ಲಿ ಸಮುದ್ರದಿಂದ ಆಕಾಶದವರೆಗಿನ ಒಟ್ಟು ಆವಿ ಎಷ್ಟು ಎಂದು ಗೊತ್ತಾಗುತ್ತದೆ. ಆದರೆ ವಾತಾವರಣದ ಆವಿಯಲ್ಲಿ ಬಹುಪಾಲು ಇರುವುದು ಕೆಳಗಿನ ಮೂರು ಕಿಮೀ ಒಳಗೇ. ನಾಲ್ಕೂವರೆ ಕಿಮೀ ಎತ್ತರದಲ್ಲಿ ಗಾಳಿ ತಣ್ಣಗಿರುತ್ತದೆ, ಪೂರ್ತಿ ತೇವವಾಗಿದ್ದರೂ ಅದು ಹಿಡಿದಿಡುವ ಆವಿ ಸ್ವಲ್ಪವೇ. ಆ ಪದರ ಒಣಗಿಹೋದರೂ ಒಟ್ಟು ಲೆಕ್ಕದಲ್ಲಿ ದೊಡ್ಡ ಬದಲಾವಣೆ ಕಾಣುವುದಿಲ್ಲ. ನೂರು ರೂಪಾಯಿ ಚಿಲ್ಲರೆಯಲ್ಲಿ ಐದು ರೂಪಾಯಿ ಕಳೆದಂತೆ, ಎಣಿಸದೆ ಗೊತ್ತಾಗದು. ಆದರೆ ಮೋಡಕ್ಕೆ ಬೇಕಾಗಿದ್ದದ್ದು ಸರಿಯಾಗಿ ಆ ಐದು ರೂಪಾಯಿಯೇ.

ಹಾಗಾಗಿ ಡ್ರಾಪ್‌ಸಾಂಡ್ ಬಿದ್ದ ಮೇಲೆಯೇ ವಿಷಯ ಬಿಡಿಸಿ ಕಂಡದ್ದು. ಎಲ್ಲ ಎಳೆಯ ವ್ಯವಸ್ಥೆಗಳ ಮೇಲೂ ದಿನಕ್ಕೊಂದು ಜೆಟ್ ಹಾರಿಸುವುದು ಆಗದ ಕೆಲಸ. ಜಗತ್ತಿನ ಬಹುತೇಕ ಸಾಗರಗಳಲ್ಲಿ ಅಂಥ ಹಾರಾಟವೇ ಇಲ್ಲ.

ತಡವಾಗಿ ಬಂದವನು

ಈಗ ಕಾರ್ಲ್ ಕಡೆ ನೋಡೋಣ, ಯಾಕೆಂದರೆ ಮೊದಮೊದಲು ಅದೂ ವಾಲಿಯೇ ಇತ್ತು. ದೊಡ್ಡ ಮೋಡಗಳೆಲ್ಲ ಕೆಳಗಿನ ಸುಳಿಯ ನಡುಬಿಂದುವಿನಿಂದ ದೂರದಲ್ಲಿ ಏಳುತ್ತಿದ್ದವು. ಮೇಲಿನ ಸುಳಿ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಎರಡರ ಆರಂಭದ ದಿನಗಳ ಫೋಟೋ ಪಕ್ಕಪಕ್ಕ ಇಟ್ಟು, ಕೆರಿಬಿಯನ್‌ನಲ್ಲಿ ಕೊಸರಾಡುತ್ತಿದ್ದ ಈ ಗುಂಪು ಗೆಲ್ಲುತ್ತದೆ, ಒಮ್ಮೆ ಹೆಸರು ಪಡೆದಿದ್ದ ಗ್ಯಾಸ್ಟನ್ ಸೋಲುತ್ತದೆ ಎಂದು ಪಂದ್ಯ ಕಟ್ಟಲು ನನಗಂತೂ ಧೈರ್ಯ ಬರುತ್ತಿರಲಿಲ್ಲ.

ವ್ಯತ್ಯಾಸ ಸುತ್ತಲ ಗಾಳಿಯಲ್ಲಿತ್ತು. ಕಾರ್ಲ್‌ನ ಸುತ್ತ ತೇವ ಜಾಸ್ತಿ. ದಿನ ಕಳೆದಂತೆ ನಡುಮಟ್ಟದಲ್ಲೂ ಅದರ ಮೇಲೂ ತೇವ ಏರುತ್ತಲೇ ಹೋಯಿತು. ಮೋಡಗಳು ದಿನಕ್ಕೊಮ್ಮೆ ಉಕ್ಕಿ, ಮತ್ತೆ ಇಳಿಯುತ್ತಿದ್ದವು. ಇಳಿದಾಗ ಸತ್ತೇ ಹೋಯಿತು ಎನಿಸುತ್ತಿತ್ತು. ಆದರೆ ಪ್ರತಿ ಉಕ್ಕು ಒಂದಿಷ್ಟು ಆವಿಯನ್ನು ಮೇಲೆ ಬಿಟ್ಟು ಹೋಗುತ್ತಿತ್ತು, ಚೀಲ ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಹಲವು ದಿನಗಳಲ್ಲಿ ಮೇಲಿನ ಸುಳಿ, ಕೆಳಗಿನ ಸುಳಿ ನಿಧಾನವಾಗಿ ಒಂದರ ಮೇಲೊಂದು ಬಂದು ಕೂತವು. ಹಾಗೆ ಕೂತ ಮೇಲೆ ಸುಮಾರು ಒಂದೇ ದಿನ, ಚಂಡಮಾರುತ ಹುಟ್ಟಿತು.

ಸೆಪ್ಟೆಂಬರ್ 14ರಂದು ಕಾರ್ಲ್ ಎಂಬ ಹೆಸರು ಬಂತು. ಮರುದಿನ ಮೆಕ್ಸಿಕೊದ ಯುಕಟಾನ್ ಪರ್ಯಾಯದ್ವೀಪವನ್ನು ದಾಟಿತು. ಕ್ಯಾಂಪೆಚೆ ಕೊಲ್ಲಿಗೆ ಇಳಿದು 3ನೇ ದರ್ಜೆಗೆ ಬೆಳೆಯಿತು. 17ರಂದು ವೆರಾಕ್ರೂಸ್ ಬಳಿ ನೆಲಕ್ಕೆ ಬಡಿಯಿತು. ಮ್ಯಾಥ್ಯೂಗೆ ಇಷ್ಟು ಒದ್ದಾಟವೂ ಇರಲಿಲ್ಲ. ಅದರ ಮೇಲೆ ಶಿಯರ್ ಕಡಿಮೆ, ಶುರುವಿನಿಂದಲೇ ಹೆಚ್ಚುಕಮ್ಮಿ ನೆಟ್ಟಗೆ ನಿಂತಿತ್ತು, ಬೇಗನೆ ಬೆಳೆಯಿತು.

ಒಟ್ಟಿಗೆ ನೋಡಿದರೆ ವಾಲುವುದೇ ಅಪರಾಧ ಅಲ್ಲ. ವಾಲಿದವನಿಗೆ ನೆಟ್ಟಗಾಗಲು ನಾಲ್ಕು ದಿನ ಬಿಡುವು ಕೊಡುವಂಥ ಗಾಳಿ ಸುತ್ತ ಇದೆಯೇ ಎಂಬುದು ಮುಖ್ಯ. ಕಾರ್ಲ್‌ಗೆ ಆ ಬಿಡುವು ಸಿಕ್ಕಿತು. ಗ್ಯಾಸ್ಟನ್‌ಗೆ ವಾಲಿದ ದಿನವೇ ಒಣಗಾಳಿ ಪಕ್ಕದಲ್ಲಿ ಕಾಯುತ್ತಿತ್ತು.

ಅಟ್ಲಾಂಟಿಕ್‌ನಲ್ಲಿ ಹೆಸರುಗಳ ಪಟ್ಟಿ ಆರು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ತುಂಬ ಹಾನಿ ಮಾಡಿದವುಗಳ ಹೆಸರನ್ನು ಮಾತ್ರ ತೆಗೆದಿಡುತ್ತಾರೆ, 2010ರಲ್ಲಿ ಇಗೋರ್ ಮತ್ತು ತೊಮಾಸ್ ಹೆಸರನ್ನು ತೆಗೆದ ಹಾಗೆ. ಗ್ಯಾಸ್ಟನ್ ಹೆಸರು ಪಟ್ಟಿಯಲ್ಲೇ ಉಳಿಯಿತು. 2016ರ ಆಗಸ್ಟ್‌ನಲ್ಲಿ ಅದೇ ಹೆಸರಿನ ಇನ್ನೊಂದು ಬಂತು. ಹರಿಕೇನ್ ಆಯಿತು, ಶಿಯರ್ ಹೊಡೆತಕ್ಕೆ ಸಿಕ್ಕಿ ಒಂದು ಮೆಟ್ಟಿಲು ಇಳಿಯಿತು. ಶಿಯರ್ ತಗ್ಗಿದ ಮೇಲೆ ಮತ್ತೆ ಎದ್ದು, 3ನೇ ದರ್ಜೆಗೆ ಹೋಯಿತು.